ಹತ್ತಕ್ಕೆ ಎಷ್ಟು?

ಹೆಂಗಸಿಗೆ ಐವತ್ತು ದಾಟಿತೆಂದರೆ ಅವಳು ಏನೇನು ಮಾಡಬಹುದು ಎನ್ನುವುದಕ್ಕೆ ನಮ್ಮ ಊರುಗಳಲ್ಲಿ ಒಂದು ಪಟ್ಟಿ ತಯಾರಾಗಿಯೇ ಇರುತ್ತದೆ. ಬೆಳಗ್ಗೆ ವಾಕಿಂಗ್ ಹೋಗಬಹುದು. ಸಂಜೆ ಭಜನಾ ಮಂಡಳಿಗೆ ಸೇರಬಹುದು. ಸೀರೆಗೆ ಕುಚ್ಚು ಕಟ್ಟಬಹುದು, ಮೊಮ್ಮಕ್ಕಳಿಗೆ ಸ್ವೆಟರ್ ಹೆಣೆಯಬಹುದು, ನಾಲ್ಕು ಜನ ಸೇರಿ ಕಾಶಿಗೆ ಹೋಗಿಬರಬಹುದು. ಇವೆಲ್ಲ ಒಳ್ಳೆಯವೇ. ಇದರಲ್ಲಿ ಎರಡು ಮೂರನ್ನು ನಾನೂ ಮಾಡುತ್ತೇನೆ. ಆದರೆ 'ಆಟ' ಎಂಬ ಮಾತು ಮಾತ್ರ ಆ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಗಂಡಸರಿಗೆ ಎಪ್ಪತ್ತಾದರೂ ಇಸ್ಪೀಟು ಉಂಟು, ಶಟಲ್ ಉಂಟು, ಕ್ರಿಕೆಟ್ಟಿನ ಚರ್ಚೆಯಾದರೂ ಉಂಟು. ನಾವು ಕುಂಟೆಬಿಲ್ಲೆ ಬಿಟ್ಟ ದಿನವೇ ಆಟವನ್ನೂ ಬಿಟ್ಟೆವೆಂದು ಲೋಕ ತೀರ್ಮಾನಿಸಿಬಿಟ್ಟಿದೆ.

ಹೀಗಿರುವಾಗ, ಭಾನುವಾರ ಬೆಳಗ್ಗೆ ಆರು ಗಂಟೆಗೆ ನಾನು ವಿಮಾನ ಹಾರಿಸಲು ಹೋಗುತ್ತೇನೆ ಎಂದರೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಮ್ಮವರ ಮುಖ ನೋಡುತ್ತಾರೆ. "ಡ್ರೋನಾ ಮೇಡಂ?" ಎನ್ನುತ್ತಾರೆ ಕೆಲವರು. "ರಿಮೋಟಿಂದಾ?" ಎನ್ನುತ್ತಾರೆ ಇನ್ನು ಕೆಲವರು. ಎರಡೂ ಅಲ್ಲ. ಇದರ ಹೆಸರು ಕಂಟ್ರೋಲ್ ಲೈನ್. ತಂತಿ ಕಟ್ಟಿ ಹಾರಿಸುವ ವಿಮಾನ.

ಸ್ವಲ್ಪ ವಿವರಿಸುತ್ತೇನೆ, ಬೇಸರಿಸಬೇಡಿ. ವಿಮಾನದ ಎಡರೆಕ್ಕೆಯ ತುದಿಯಿಂದ ಉಕ್ಕಿನ ಎರಡು ತಂತಿಗಳು ಹೊರಡುತ್ತವೆ. ಒಂದೊಂದೂ ಅರ್ಧ ಮಿಲಿಮೀಟರಿಗಿಂತ ತೆಳು, ಉದ್ದ ಅರವತ್ತು ಅಡಿ. ಅವುಗಳ ಇನ್ನೊಂದು ತುದಿ ನಮ್ಮ ಕೈಯಲ್ಲಿರುವ ಹ್ಯಾಂಡಲಿಗೆ. ನಾವು ನಡುವೆ ನಿಂತಿರುತ್ತೇವೆ, ವಿಮಾನ ನಮ್ಮ ಸುತ್ತ ತಿರುಗುತ್ತದೆ. ವಿಮಾನದ ಹೊಟ್ಟೆಯೊಳಗೆ ಬೆಲ್‌ಕ್ರ್ಯಾಂಕ್ ಎಂಬ ಒಂದು ಪುಟ್ಟ ಸಾಧನವಿದೆ. ತಕ್ಕಡಿಯ ದಂಡ ಇದ್ದ ಹಾಗೆ ಎಂದುಕೊಳ್ಳಿ. ಹ್ಯಾಂಡಲನ್ನು ಮೇಲಕ್ಕೆ ಬಾಗಿಸಿದರೆ ಒಂದು ತಂತಿ ಎಳೆಯುತ್ತದೆ, ದಂಡ ವಾಲುತ್ತದೆ, ಅದಕ್ಕೆ ಜೋಡಿಸಿದ ಕಡ್ಡಿ ಬಾಲದ ಪಟ್ಟಿಯನ್ನು ಎತ್ತುತ್ತದೆ, ವಿಮಾನ ಮೂಗೆತ್ತುತ್ತದೆ. ಕೆಳಕ್ಕೆ ಬಾಗಿಸಿದರೆ ಮೂಗು ಕೆಳಕ್ಕೆ. ಎಡಕ್ಕೆ, ಬಲಕ್ಕೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಮೇಲೆ, ಕೆಳಗೆ, ಎರಡೇ. ಆ ಎರಡರಲ್ಲೇ ಲೂಪು, ಚೌಕ, ತ್ರಿಕೋನ, ಎಂಟರ ಅಂಕಿ ಎಲ್ಲವನ್ನೂ ಬರೆಯಬೇಕು. ಬೋರಲು ಹಾಕಿದ ದೊಡ್ಡ ಬಾಣಲೆಯ ಒಳಮೈಮೇಲೆ, ಅದರ ಕೆಳಗೇ ನಿಂತು ರಂಗೋಲಿ ಎಳೆದ ಹಾಗೆ. ಚುಕ್ಕಿ ಯಾರೂ ಇಟ್ಟುಕೊಡುವುದಿಲ್ಲ, ಅಷ್ಟೆ.

ಗಾಳಿಪಟ ಹಾರಿಸಿದವರು ಇದೇನು ಮಹಾ ಎನ್ನಬಹುದು. ಗಾಳಿಪಟ ಗಾಳಿಯನ್ನು ನೆಚ್ಚಿಕೊಂಡಿರುತ್ತದೆ. ಇದು ತನ್ನ ಬಲದಿಂದಲೇ ಹಾರುತ್ತದೆ. ನನ್ನ ವಿಮಾನದ ತೂಕ ಒಂದು ಕಿಲೋ ಇನ್ನೂರು ಗ್ರಾಂ. ಒಂದು ಸುತ್ತಿಗೆ ಐದು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಅಂದರೆ ಗಂಟೆಗೆ ಎಂಬತ್ತು ಕಿಲೋಮೀಟರು ವೇಗ. ಆ ವೇಗದಲ್ಲಿ ಸುತ್ತುವಾಗ ಅದು ಕೈಯನ್ನು ಮೂರು ಕಿಲೋ ಭಾರದಷ್ಟು ಜಗ್ಗುತ್ತಿರುತ್ತದೆ. ಆ ಜಗ್ಗುವಿಕೆಯೇ ಇದರ ಪ್ರಾಣ. ತಂತಿ ಬಿಗಿಯಾಗಿರುವ ತನಕ ವಿಮಾನ ನಮ್ಮದು. ಸಡಿಲವಾಯಿತೋ, ಅದು ನಮ್ಮ ಮಾತು ಕೇಳುವುದಿಲ್ಲ.

ಈ ವಿದ್ಯೆಯನ್ನು ಜನಪ್ರಿಯಗೊಳಿಸಿದವನು ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿನ ಜಿಮ್ ವಾಕರ್. 1940ರ ಸುಮಾರಿಗೆ 'ಫೈರ್‌ಬಾಲ್' ಎಂಬ ತಂತಿ ವಿಮಾನವನ್ನು ಮಾರುಕಟ್ಟೆಗೆ ತಂದವನು. ಆತ ಪ್ರದರ್ಶನಗಳಲ್ಲಿ ಏಕಕಾಲಕ್ಕೆ ಮೂರು ವಿಮಾನ ಹಾರಿಸುತ್ತಿದ್ದನಂತೆ. ಒಂದೊಂದು ಕೈಗೆ ಒಂದೊಂದು, ಮೂರನೆಯದು ತಲೆಗೆ ಕಟ್ಟಿಕೊಂಡದ್ದು! ನಮ್ಮಣ್ಣ ಇದನ್ನು ಹೇಳಿದಾಗ ಬಹಳ ಆಶ್ಚರ್ಯಪಟ್ಟುಕೊಂಡು ಹೇಳಿದ್ದ. ನನಗೇನೂ ಅಷ್ಟು ಆಶ್ಚರ್ಯವಾಗಲಿಲ್ಲ. ಒಲೆಯ ಮೇಲೆ ಹಾಲು, ಬಾಗಿಲಲ್ಲಿ ಶಾಲೆಗೆ ಹೊರಟ ಮಗು, ತಲೆಯಲ್ಲಿ ಹತ್ತನೇ ತರಗತಿಯ ಪಾಠ ಟಿಪ್ಪಣಿ – ಮೂರನ್ನೂ ಒಟ್ಟಿಗೆ ಸುತ್ತಿಸದ ಹೆಂಗಸು ಯಾವ ಊರಲ್ಲಿದ್ದಾಳೆ, ಹೇಳಿ?

ನನಗೆ ಇದು ಬಂದದ್ದು ಅಪ್ಪನಿಂದ, ಅಣ್ಣನಿಂದ. ಅಪ್ಪ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯ ಫಿಟ್ಟರ್. ವಿಮಾನಪುರದ ಹತ್ತಿರ ನಮ್ಮ ಮನೆ. ಮನೆಯ ಮೇಲೆ ಕಿರಣ್ ತರಬೇತಿ ವಿಮಾನಗಳು ಹಾರಿಹೋದರೆ ಅಡುಗೆಮನೆಯ ತಟ್ಟೆಗಳು ಗಣಗಣ ಎನ್ನುತ್ತಿದ್ದವು. ಅಣ್ಣ ಕಾಲೇಜಿನಲ್ಲಿ ಎನ್‌ಸಿಸಿಯ ವಾಯುದಳ ವಿಭಾಗಕ್ಕೆ ಸೇರಿದ. ಆ ವಿಭಾಗದಲ್ಲಿ ಮಾದರಿ ವಿಮಾನ ಕಟ್ಟುವುದನ್ನೂ ಹಾರಿಸುವುದನ್ನೂ ಕಲಿಸುತ್ತಿದ್ದರು, ಈಗಲೂ ಕಲಿಸುತ್ತಾರೆ. ಅಲ್ಲಿ ಕಲಿತದ್ದನ್ನು ಅವನು ಮನೆಗೆ ತಂದ. ಅಪ್ಪನಿಗೆ ಹುಚ್ಚು ಹಿಡಿಯಲು ಅಷ್ಟೇ ಸಾಕಾಯಿತು.

ನಮ್ಮ ನಡುಮನೆಯ ಚಾಪೆಯ ಮೇಲೆ ಬಾಲ್ಸಾ ಮರದ ತೆಳ್ಳನೆಯ ಹಲಗೆಗಳು ಬಿದ್ದಿರುತ್ತಿದ್ದವು. ದೂರದ ಈಕ್ವೆಡಾರ್ ದೇಶದಿಂದ ಬರುವ ಮರವದು. ಕೈಯಲ್ಲಿ ಹಿಡಿದರೆ ಹಪ್ಪಳದಷ್ಟು ಹಗುರ. ಅದನ್ನು ಬ್ಲೇಡಿನಲ್ಲಿ ಕತ್ತರಿಸಿ, ಅಂಟಿಸಿ, ಮೇಲೆ ತೆಳುಕಾಗದ ಹೊದಿಸಿ, ಡೋಪ್ ಎಂಬ ಮೆರುಗೆಣ್ಣೆ ಬಳಿದರೆ ಕಾಗದ ತಬಲದ ಚರ್ಮದಂತೆ ಬಿಗಿಯುತ್ತಿತ್ತು. ಎಂಜಿನ್ ಕಲ್ಕತ್ತೆಯಲ್ಲಿ ತಯಾರಾದ ಅರೋರಾ. ಅದಕ್ಕೆ ಹಾಕುವ ಇಂಧನದಲ್ಲಿ ಹರಳೆಣ್ಣೆ ಬೆರೆಸಬೇಕು. ಹೌದು, ಅದೇ ಹರಳೆಣ್ಣೆ! ಕೂಸಿನ ನೆತ್ತಿಗೆ ಹಚ್ಚುವ, ರಜೆ ಮುಗಿಯುವ ಮುನ್ನ ಮಕ್ಕಳ ಮೂಗು ಹಿಡಿದು ಕುಡಿಸುವ ಹರಳೆಣ್ಣೆ. ಎಷ್ಟು ಕಾದರೂ ಎಂಜಿನ್ನಿನ ಒಳಮೈ ಬಿಟ್ಟುಕೊಡದ ಗುಣ ಅದಕ್ಕಿದೆ. ಅಮ್ಮನ ಬಾಟಲಿ ಖಾಲಿಯಾಗುತ್ತಿತ್ತು. "ಬಾಣಂತಿಗಿಂತ ಹೆಚ್ಚು ಎಣ್ಣೆ ಕುಡಿಯತ್ತಲ್ಲೋ ನಿನ್ನ ವಿಮಾನ" ಎಂದು ಅಮ್ಮ ಅಣ್ಣನನ್ನು ಬೈಯುತ್ತಿದ್ದಳು. ಉರಿದ ಹರಳೆಣ್ಣೆಯ ಆ ವಾಸನೆ ಈಗಲೂ ನನಗೆ ಮಲ್ಲಿಗೆಯಷ್ಟೇ ಇಷ್ಟ. ನಗುವವರು ನಗಲಿ.

ಮೊದಲು ನನ್ನ ಕೆಲಸ ವಿಮಾನ ಹಿಡಿದುಕೊಳ್ಳುವುದು. ಅಣ್ಣ ನಡುವೆ ಹೋಗಿ ಹ್ಯಾಂಡಲ್ ಹಿಡಿದು ಕೈ ತೋರಿಸಿದಾಗ ನಾನು ಬಿಡಬೇಕು. ಎಂಜಿನ್ ಉಗುಳುವ ಎಣ್ಣೆಯೆಲ್ಲ ನನ್ನ ಲಂಗಕ್ಕೆ, ಮುಖಕ್ಕೆ. ಎರಡು ವರ್ಷ ಹಿಡಿದೆ, ಬಿಟ್ಟೆ, ಹಿಡಿದೆ, ಬಿಟ್ಟೆ. ಒಂದು ದಿನ ಅಪ್ಪನೇ, "ಅವಳಿಗೂ ಒಂದು ಸಲ ಕೊಡೋ" ಎಂದರು. ನನಗಾಗ ಹದಿನಾಲ್ಕು. ಅಪ್ಪ ನನ್ನ ಬೆನ್ನ ಹಿಂದೆ ನಿಂತು ಕೈಮೇಲೆ ಕೈಯಿಟ್ಟು ನನ್ನ ಜೊತೆಗೇ ತಿರುಗಿದರು. ಐದಾರು ಸುತ್ತಾದ ಮೇಲೆ ನೋಡುತ್ತೇನೆ, ಅವರ ಕೈ ಯಾವಾಗಲೋ ಸರಿದುಹೋಗಿದೆ. ಎಳೆತ ಪೂರ್ತಿ ನನ್ನದೇ ಆಗಿತ್ತು. ಸೈಕಲ್ ಕಲಿಸುವವರು ಹಿಂದಿನ ಸೀಟು ಬಿಡುತ್ತಾರಲ್ಲ, ಹಾಗೆ.

ಅಪ್ಪನದೊಂದು ಪದ್ಧತಿಯಿತ್ತು. ಪ್ರತಿ ಹಾರಾಟ ಮುಗಿದ ಮೇಲೂ "ಹತ್ತಕ್ಕೆ ಎಷ್ಟು?" ಎಂದು ಕೇಳುವರು. ತಾವು ಅಂಕ ಹೇಳುತ್ತಿರಲಿಲ್ಲ, ನಮ್ಮ ಬಾಯಿಂದಲೇ ಹೇಳಿಸುತ್ತಿದ್ದರು. ಅಣ್ಣ ಯಾವಾಗಲೂ ಎಂಟು ಎನ್ನುತ್ತಿದ್ದ. ನಾನು ನಾಲ್ಕು ಎನ್ನುತ್ತಿದ್ದೆ. "ನಿನ್ನ ಎಂಟರಲ್ಲಿ ಒಂದು ಕಳೆ, ಅವಳ ನಾಲ್ಕಕ್ಕೆ ಎರಡು ಸೇರಿಸು" ಎಂದು ಅಪ್ಪ ನಗುತ್ತಿದ್ದರು. ಅವರ ಲೆಕ್ಕ ಎಷ್ಟು ಸರಿಯಿತ್ತೆಂದು ಇಂದು ಅನಿಸುತ್ತದೆ. ಮೂವತ್ತು ವರ್ಷ ಪಾಠ ಮಾಡಿ ನೋಡಿದ್ದೇನಲ್ಲ, ಹುಡುಗಿಯರು ತಮಗೆ ತಾವು ಅಂಕ ಹಾಕಿಕೊಳ್ಳುವಾಗ ಇಂದಿಗೂ ಎರಡು ಕಡಿಮೆಯೇ ಹಾಕಿಕೊಳ್ಳುತ್ತಾರೆ.

ಲೂಪು ಕಲಿತೆ, ತಲೆಕೆಳಗು ಹಾರಿಸುವುದನ್ನು ಕಲಿತೆ. 1988ರಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಹವ್ಯಾಸಿಗಳ ಒಂದು ಸಣ್ಣ ಸ್ಪರ್ಧೆಯಲ್ಲಿ ಹಾರಿಸಿದ್ದೂ ಉಂಟು. ಆಮೇಲೆ ಬಿ.ಎಡ್. ಆಯಿತು. 1991ರಲ್ಲಿ ಮದುವೆಯಾಯಿತು. ತಿಪಟೂರಿಗೆ ಬಂದೆ, ಶಾಲೆಗೆ ಸೇರಿದೆ. ಮಗಳು ಹುಟ್ಟಿದಳು, ಅತ್ತೆಯವರಿಗೆ ಪಾರ್ಶ್ವವಾಯು ಆಯಿತು, ಸಾಲ ಮಾಡಿ ಮನೆ ಕಟ್ಟಿದೆವು.

ಇಲ್ಲಿ ನೀವು ಒಂದು ಕಥೆ ನಿರೀಕ್ಷಿಸುತ್ತಿರಬಹುದು. ಗಂಡನ ಮನೆಯವರು ಬೇಡವೆಂದರು, ಹ್ಯಾಂಡಲ್ ಕಿತ್ತುಕೊಂಡರು, ಇತ್ಯಾದಿ. ಹಾಗೇನೂ ಆಗಲಿಲ್ಲ. ಯಾರೂ ಬೇಡ ಎನ್ನಲಿಲ್ಲ. ಯಾರೂ ಕೇಳಲೂ ಇಲ್ಲ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಕೇಳಿದರು. ವಿಮಾನ ಹಾರಿಸಲು ಬರುತ್ತದೆಯೇ ಎಂದು ಯಾರು ತಾನೇ ಕೇಳುತ್ತಾರೆ? ಕೇಳದ ಪ್ರಶ್ನೆಗೆ ಉತ್ತರ ಹೇಳುವುದು ಹೇಗೆ? ನಮ್ಮ ಎಷ್ಟೋ ವಿದ್ಯೆಗಳು ಹೀಗೆಯೇ ಹೋಗುತ್ತವೆ. ಯಾರೂ ಕಿತ್ತುಕೊಳ್ಳುವುದಿಲ್ಲ. ಅಟ್ಟದ ಮೇಲಿಟ್ಟ ಹಿತ್ತಾಳೆ ಪಾತ್ರೆಯ ಹಾಗೆ, ಇದೆಯೆಂಬುದೇ ಮರೆತುಹೋಗುತ್ತದೆ.

2022ರಲ್ಲಿ ಅಣ್ಣ ಫೋನು ಮಾಡಿದ. ನಿವೃತ್ತನಾಗಿ ಎರಡು ವರ್ಷವಾಗಿತ್ತು. ಮತ್ತೆ ವಿಮಾನ ಕಟ್ಟಲು ಶುರುಮಾಡಿದ್ದ. ಅಮೆರಿಕದ ಜಾರ್ಜ್ ಆಲ್ಡ್ರಿಚ್ ಎಂಬಾತ 1950ರ ದಶಕದಲ್ಲಿ ರೂಪಿಸಿದ 'ನೋಬ್ಲರ್' ಎಂಬ ವಿನ್ಯಾಸ ಕಸರತ್ತಿನ ವಿಮಾನಗಳಲ್ಲಿ ಬಹಳ ಹೆಸರಾದದ್ದು. ಅದರ ನಕ್ಷೆ ಹಿಡಿದು ಒಂದನ್ನು ಮುಗಿಸಿದ್ದ.

"ಪುಟ್ಟಿ, ಒಂದು ಭಾನುವಾರ ಬಂದುಹೋಗೇ. ವಿಮಾನ ಹಿಡ್ಕೊಳ್ಳೋಕೆ ಯಾರೂ ಇಲ್ಲ."

"ಬರ್ತೀನಿ ಅಣ್ಣ. ಒಂದು ಸಲ ನಾನು ಹಿಡ್ಕೋತೀನಿ. ಇನ್ನೊಂದು ಸಲ ನೀನು ಹಿಡ್ಕೋಬೇಕು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ನೀನು ಹಾರಿಸ್ತೀಯಾ? ಈ ವಯಸ್ನಲ್ಲಿ?"

"ನೀನು ನನಗಿಂತ ಆರು ವರ್ಷ ದೊಡ್ಡೋನು."

ಇದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ಹೋದೆ. ಮೂವತ್ತು ವರ್ಷದ ಮೇಲೆ ಕೈಗೆ ಹ್ಯಾಂಡಲ್ ಬಂತು. ಕೈಗೆ ಎಲ್ಲ ನೆನಪಿತ್ತು. ತಲೆಗೆ ಇರಲಿಲ್ಲ. ವಿಮಾನ ನೆಲಬಿಟ್ಟ ಕೂಡಲೇ ಮಣಿಕಟ್ಟು ತಾನೇ ತಾನಾಗಿ ಅದನ್ನು ಮಟ್ಟಸಕ್ಕೆ ತಂದು ನಿಲ್ಲಿಸಿತು. ಆದರೆ ಹನ್ನೆರಡನೇ ಸುತ್ತಿಗೆ ಇಡೀ ಮೈದಾನವೇ ಬುಗುರಿಯಾಯಿತು. ವಿಮಾನವನ್ನೇ ನೋಡಬೇಕು, ಅದರ ಹಿಂದೆ ಓಡುವ ಮರಗಿಡ ನೋಡಬಾರದು ಎಂಬುದು ಇದರ ಮೊದಲ ಪಾಠ. ಅದು ಗೊತ್ತಿದ್ದರೂ ಐವತ್ತನಾಲ್ಕರ ಕಿವಿಯೊಳಗಿನ ಸಮತೋಲ ಹದಿನಾಲ್ಕರದ್ದಲ್ಲವಲ್ಲ! ವಿಮಾನ ಇಳಿದ ಮೇಲೆ ನಾನೂ ನೆಲಕ್ಕೆ ಇಳಿದೆ. ಹುಲ್ಲಿನ ಮೇಲೆ ಮಲಗಿ ಆಕಾಶ ನೋಡುತ್ತ ನಗುತ್ತಿದ್ದೆ. ಅಣ್ಣ ಗಾಬರಿಯಾಗಿ ನೀರು ಚಿಮುಕಿಸುತ್ತಿದ್ದ.

ಮತ್ತೆ ಕಲಿಯುವುದೆಂದರೆ ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ದಿನಕ್ಕೆ ಐದು ಸುತ್ತು, ಆಮೇಲೆ ಹತ್ತು, ಇಪ್ಪತ್ತು ಎಂದು ಹೆಚ್ಚಿಸಿಕೊಂಡೆ. ಕನ್ನಡಕದ ಎರಡು ಗಾಜುಗಳ ನಡುವಿನ ಗೆರೆಯ ಹತ್ತಿರ ಬಂದಾಗಲೆಲ್ಲ ವಿಮಾನ ಎರಡಾಗಿ ಕಾಣುತ್ತಿತ್ತು. ದೂರನೋಟಕ್ಕೆಂದೇ ಬೇರೆ ಕನ್ನಡಕ ಮಾಡಿಸಿದೆ. ಸೆರಗು ತಂತಿಗೆ ಸಿಕ್ಕೀತೆಂದು ಚೂಡಿದಾರ ಹೊಲಿಸಿದೆ. ತಿಪಟೂರಿನಲ್ಲಿ ತೆಂಗಿನಮರವೂ ಇಲ್ಲದ, ವಿದ್ಯುತ್ ತಂತಿಯೂ ಇಲ್ಲದ ಬಯಲು ಹುಡುಕುವುದೇ ಒಂದು ತಪಸ್ಸು. ಕೈಯಲ್ಲಿರುವುದು ಉಕ್ಕಿನ ತಂತಿಯಲ್ಲವೇ, ಕರೆಂಟಿನ ತಂತಿಯ ಹತ್ತಿರ ಸುಳಿಯಲೇಬಾರದು. ಮೋಡ ಗುಡುಗುವಾಗಲೂ ಅಷ್ಟೆ. ಕೊನೆಗೆ ಊರಾಚೆಯ ಒಂದು ಮೈದಾನ ಸಿಕ್ಕಿತು. ಅಣ್ಣನ ವಿಮಾನಕ್ಕೆ ಈಗಲೂ ಎಂಜಿನ್ ಉಂಟು. ನನ್ನದಕ್ಕೆ ಬ್ಯಾಟರಿಯ ಮೋಟಾರು ಹಾಕಿಕೊಟ್ಟ. ಇಟ್ಟ ಹೊತ್ತಿಗೆ ತಾನೇ ನಿಲ್ಲುವ ಟೈಮರು ಅದರಲ್ಲೇ ಇದೆ. ಸದ್ದು ಕಡಿಮೆ, ಬಟ್ಟೆಗೆ ಎಣ್ಣೆಯಿಲ್ಲ. ವಿಶ್ವಮಟ್ಟದ ಸ್ಪರ್ಧೆಗಳಲ್ಲೂ ಈಗ ಮೋಟಾರು ಸಾಮಾನ್ಯವಾಗಿದೆ. ಹರಳೆಣ್ಣೆಯ ವಾಸನೆಯೊಂದಕ್ಕೆ ಮಾತ್ರ ಅಣ್ಣನ ಪಕ್ಕ ಹೋಗಿ ನಿಲ್ಲುತ್ತೇನೆ.

ವಿಮಾನ ಹಿಡಿದುಕೊಳ್ಳಲು ಯಾರು? ಬೆಂಗಳೂರಿನಿಂದ ಅಣ್ಣ ಪ್ರತಿವಾರ ಬರಲಾದೀತೇ? ನಮ್ಮವರನ್ನು ಕೇಳಿದೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದವರು, ಲೆಕ್ಕದ ಮನುಷ್ಯ. "ನಾನು ಬರೀ ಹಿಡ್ಕೊಂಡು ಬಿಡೋದಾ?" ಎಂದರು. "ಹೌದು, ಅಷ್ಟೇ" ಎಂದೆ. ಮೊದಲ ದಿನ ಯಾರಾದರೂ ನೋಡಿಯಾರೆಂದು ಟೋಪಿ ಹಾಕಿಕೊಂಡು ಬಂದಿದ್ದರು. ತಿಂಗಳು ಕಳೆಯುವುದರೊಳಗೆ ತಂತಿಗೆ ಎಲ್ಲಿಯಾದರೂ ಗಂಟು ಬಿದ್ದಿದೆಯೇ ಎಂದು ಬೆರಳಲ್ಲಿ ಸವರಿ ನೋಡುವುದು, ಹಾರಿಸುವ ಮೊದಲು ವಿಮಾನದ ಹತ್ತು ಪಟ್ಟು ತೂಕಕ್ಕೆ ತಡೆಯುತ್ತದೆಯೇ ಎಂದು ತಕ್ಕಡಿ ಹಾಕಿ ಜಗ್ಗಿ ಪರೀಕ್ಷಿಸುವುದು, ಎಲ್ಲ ಅವರದ್ದೇ ಆಯಿತು. ಲೆಡ್ಜರಿನಂಥ ಒಂದು ಪುಸ್ತಕದಲ್ಲಿ ಪ್ರತಿ ಹಾರಾಟದ ದಿನಾಂಕ, ಗಾಳಿ, ಸುತ್ತಿನ ಸಮಯ ಬರೆಯುತ್ತಾರೆ. ನನ್ನ ಅಡುಗೆಯ ಬಗ್ಗೆ ಇಷ್ಟು ವರ್ಷದಲ್ಲಿ ಇಷ್ಟು ಗಮನ ಕೊಟ್ಟಿರಲಿಲ್ಲವೆಂದು ಛೇಡಿಸಿದರೆ, "ಅದರಲ್ಲಿ ಬರೆಯೋದಕ್ಕೇನಿತ್ತು, ದಿನಾ ಚೆನ್ನಾಗೇ ಇರತ್ತೆ" ಎಂದರು. ಮೂವತ್ತೆರಡು ವರ್ಷಕ್ಕೆ ಬಂದ ಮೊದಲ ಸರ್ಟಿಫಿಕೇಟು!

2023ರ ಆಷಾಢದ ಗಾಳಿಯಲ್ಲಿ ಒಂದು ವಿಮಾನ ಹೋಯಿತು. ನೆತ್ತಿಯ ಮೇಲೆ ಎಂಟರ ಅಂಕಿ ಬರೆಯುತ್ತಿದ್ದೆ. ಅಲ್ಲಿ ತಂತಿಯ ಬಿಗಿ ತಾನಾಗಿಯೇ ಕಡಿಮೆಯಾಗುತ್ತದೆ, ಏಕೆಂದರೆ ವಿಮಾನದ ಭಾರ ನಮ್ಮ ಕಡೆಗೇ ಜಗ್ಗುತ್ತಿರುತ್ತದೆ. ಅದೇ ಕ್ಷಣಕ್ಕೆ ಎಲ್ಲಿಂದಲೋ ಬಂದ ಸುಳಿಗಾಳಿ ಅದನ್ನು ನನ್ನತ್ತ ತಳ್ಳಿತು. ಕೈಯಲ್ಲಿದ್ದ ಜೀವ ಇದ್ದಕ್ಕಿದ್ದಂತೆ ಇಲ್ಲವಾಯಿತು. ಹಿಂದಕ್ಕೆ ಓಡಿದೆ, ಆದರೆ ತಂತಿ ಮತ್ತೆ ಬಿಗಿಯಾಗುವಷ್ಟು ಎತ್ತರ ಉಳಿದಿರಲಿಲ್ಲ. ನಾಲ್ಕು ತಿಂಗಳ ಕೆಲಸ ಒಂದು ಸೆಕೆಂಡಿಗೆ ಪುಡಿಯಾಯಿತು. ನಮ್ಮವರು ಏನೂ ಅನ್ನಲಿಲ್ಲ. ಹೆಗಲ ಮೇಲಿನ ಟವೆಲ್ ಹಾಸಿ ಚೂರುಗಳನ್ನು ಆರಿಸಿದರು. ಮನೆಗೆ ಬಂದು ಒಂದೊಂದಕ್ಕೂ ಪೆನ್ಸಿಲಿನಲ್ಲಿ ನಂಬರು ಹಾಕಿದರು. "ಎಪ್ಪತ್ತೊಂದು ಚೂರು. ಹೊಸದು ಕಟ್ಟೋಕೆ ಅಳತೆಗೆ ಬರತ್ತೆ" ಎಂದರು. ಅಂದು ರಾತ್ರಿ ನನಗೆ ಅಳು ಬಂದದ್ದು ವಿಮಾನಕ್ಕೋ ಆ ನಂಬರುಗಳಿಗೋ ಹೇಳಲಾರೆ.

ಇನ್ನು ಸ್ಪರ್ಧೆಯ ವಿಷಯ. ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟವಾದ ಎಫ್‌ಎಐ ಈ ಕಸರತ್ತಿನ ವಿಭಾಗಕ್ಕೆ ಎಫ್2ಬಿ ಎಂದು ಹೆಸರಿಟ್ಟಿದೆ. ಎರಡು ವರ್ಷಕ್ಕೊಮ್ಮೆ ಇದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಇದೆ. ಏಳು ನಿಮಿಷದೊಳಗೆ ಎಲ್ಲ ಮುಗಿಯಬೇಕು. ನೆಲಬಿಡುವುದರಿಂದ ಹಿಡಿದು ನೆಲಮುಟ್ಟುವ ತನಕ ಕ್ರಮ ನಿಗದಿಯಾಗಿದೆ. ಮೊದಲು ನೆಟ್ಟಗೆ ಮೇಲೇರಿ ತಲೆಯ ಮೇಲೆ ಹಾದು ಆಚೆ ಇಳಿಯಬೇಕು. ಆಮೇಲೆ ಮೂರು ಒಳಲೂಪು, ತಲೆಕೆಳಗಾಗಿ ಎರಡು ಸುತ್ತು, ಮೂರು ಹೊರಲೂಪು. ಮತ್ತೆ ಚೌಕಗಳು, ತ್ರಿಕೋನ, ಅಡ್ಡ ಎಂಟು, ಚೌಕದ ಎಂಟು, ನಿಂತ ಎಂಟು, ಮರಳುಗಡಿಯಾರದ ಆಕೃತಿ, ನೆತ್ತಿಯ ಮೇಲಿನ ಎಂಟು. ಎಲ್ಲಕ್ಕೂ ಕೊನೆಯಲ್ಲಿ ನಾಲ್ಕೆಸಳಿನ ಹೂವು. ಆಕೃತಿಗಳ ತಳ ನೆಲದಿಂದ ಒಂದೂವರೆ ಮೀಟರಿಗೇ ಇರಬೇಕು. ಅಂದರೆ ನನ್ನ ಎತ್ತರಕ್ಕೆ! ತೀರ್ಪುಗಾರರು ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಕಷ್ಟಕ್ಕೆ ತಕ್ಕ ಹಾಗೆ ಗುಣಿಸುತ್ತಾರೆ.

ಇದರಲ್ಲಿ ಕಲಿಯುವವರನ್ನು ಹೆಚ್ಚು ಕಾಡುವುದು ತಲೆಕೆಳಗಿನ ಹಾರಾಟ. ವಿಮಾನ ಬೋರಲಾದ ಕೂಡಲೇ ನಮ್ಮ 'ಮೇಲೆ' ಅದಕ್ಕೆ 'ಕೆಳಗೆ' ಆಗುತ್ತದೆ. ಕೆಳಕ್ಕೆ ಬರುತ್ತಿದೆಯೆಂದು ಹೆದರಿ ಅಭ್ಯಾಸಬಲದಿಂದ ಮೇಲಕ್ಕೆಳೆದರೆ ನೇರ ನೆಲಕ್ಕೇ. ಅದರ ಕಡೆಯಿಂದ ಯೋಚಿಸಿದವರಿಗೆ ಮಾತ್ರ ಅದು ಒಲಿಯುತ್ತದೆ. ಹೊಸ ಮನೆಗೆ ಹೋಗಿ, ತವರಿನಲ್ಲಿ ಸರಿಯಾಗಿದ್ದದ್ದೆಲ್ಲ ಇಲ್ಲಿ ತಿರುವುಮುರುವು ಎಂದು ಕಂಡುಕೊಂಡ ನಮಗೆ ಈ ಪಾಠ ಅಷ್ಟೇನೂ ಹೊಸದಲ್ಲ.

2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಹವ್ಯಾಸಿಗಳು ಕೂಡಿ ಒಂದು ಸ್ಪರ್ಧೆ ಇಟ್ಟುಕೊಂಡರು. ಒಟ್ಟು ಏಳು ಜನ. ಹೆಚ್ಚಿನವರು ಹಿಂದೆ ಎನ್‌ಸಿಸಿಯಲ್ಲಿ ಕಲಿತು, ನೌಕರಿ ಸಂಸಾರವೆಂದು ಬಿಟ್ಟು, ನಿವೃತ್ತಿಯ ಹೊತ್ತಿಗೆ ಮರಳಿದವರು. ಎಲ್ಲರಿಗೂ ಮಂಡಿನೋವು, ಕುತ್ತಿಗೆನೋವು. ಹೆಂಗಸು ನಾನೊಬ್ಬಳೇ. ಒಬ್ಬರು ಬಂದು "ಯಾರ ಜೊತೆ ಬಂದಿದ್ದೀರಿ ಮೇಡಂ?" ಎಂದು ವಿಚಾರಿಸಿದರು. ನಮ್ಮವರು ನನ್ನ ವಿಮಾನ ಎತ್ತಿಕೊಂಡು, "ನಾನು ಇವರ ಜೊತೆ ಬಂದಿದ್ದೇನೆ" ಎಂದರು.

ಹಾರಿಸುವ ಮೊದಲು ಅಣ್ಣ ಪಕ್ಕಕ್ಕೆ ಕರೆದ. "ನೆತ್ತಿ ಮೇಲಿನ ಎಂಟು ಬಿಟ್ಟುಬಿಡೇ. ಅದೊಂದಕ್ಕೆ ಸೊನ್ನೆ ಬಂದ್ರೆ ಬರ್ಲಿ. ಗಾಳಿ ಇದೆ. ವಿಮಾನ ಉಳಿಯತ್ತೆ." ಅವನ ಮಾತಿನಲ್ಲಿ ಪ್ರೀತಿಯಿತ್ತು, ಲೆಕ್ಕಾಚಾರವೂ ಇತ್ತು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹ್ಯಾಂಡಲಿನ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು ನಡುವೆ ಹೋಗಿ ನಿಂತೆ.

ವೃತ್ತದ ನಡುವೆ ನಿಂತವರಿಗೆ ಹೊರಗಿನ ಯಾವ ಸದ್ದೂ ಕೇಳುವುದಿಲ್ಲ. ಕೈಗೆ ಆ ಎಳೆತ ಒಂದೇ ಗೊತ್ತು. ಲೂಪುಗಳು ಆದವು, ತಲೆಕೆಳಗಿನ ಸುತ್ತುಗಳಾದವು. ಚೌಕದ ಮೂಲೆಗಳು ನನ್ನ ಕೈಯಲ್ಲಿ ಚಕ್ಕುಲಿಯಷ್ಟು ದುಂಡಗೆ ಬಂದವು. ನೆತ್ತಿಯ ಎಂಟರ ಸರದಿ ಬಂದಾಗ ಗಾಳಿಗೆ ಬೆನ್ನು ಕೊಟ್ಟು ನಿಂತೆ. ಕುತ್ತಿಗೆ ಹಿಂದಕ್ಕೆ ವಾಲಿಸಿದೆ. ಬಿಡಬಹುದಿತ್ತು, ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆ 'ಯಾರೂ ಕೇಳುವುದಿಲ್ಲ' ಎನ್ನುವುದರಲ್ಲೇ ಮೂವತ್ತು ವರ್ಷ ಹೋಗಿತ್ತಲ್ಲ. ವಿಮಾನವನ್ನು ಮೇಲಕ್ಕೆ ಕರೆದೆ. ತಂತಿ ಒಂದು ಗಳಿಗೆ ಹಗುರವಾಯಿತು. ಎರಡು ಹೆಜ್ಜೆ ಹಿಂದಿಟ್ಟೆ. ಮತ್ತೆ ಬಿಗಿಯಿತು. ಒಂದು ಎಂಟು. ಇನ್ನೊಂದು. ಆಮೇಲೆ ಹೂವಿನ ನಾಲ್ಕು ಎಸಳು. ಮೋಟಾರು ನಿಂತಿತು. ವಿಮಾನ ಸದ್ದಿಲ್ಲದೆ ತೇಲಿ ಹುಲ್ಲು ಮುಟ್ಟಿತು.

ಅಂಕಪಟ್ಟಿ ಕೈಗೆ ಬಂತು. ಚೌಕಗಳಿಗೆ ನಾಲ್ಕು. ತಲೆಕೆಳಗಿನ ಹಾರಾಟಕ್ಕೆ ಏಳು. ನೆತ್ತಿಯ ಎಂಟಕ್ಕೆ ಐದು. ಏಳು ಜನರಲ್ಲಿ ನಾನು ಆರನೆಯವಳು. ಏಳನೆಯವರ ವಿಮಾನ ಹೊರಡಲೇ ಇಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಆ ಹಾಳೆಯನ್ನು ನಾನು ಮನೆಯಲ್ಲಿ ಎಷ್ಟು ಸಲ ತೆಗೆದು ನೋಡಿದೆನೋ! ಮೂವತ್ತು ವರ್ಷ ಮಕ್ಕಳಿಗೆ ಅಂಕ ಕೊಟ್ಟವಳು ನಾನು. ಕೆಂಪು ಶಾಯಿಯ ಪೆನ್ನುಗಳು ಎಷ್ಟು ಖಾಲಿಯಾದವೋ ಲೆಕ್ಕವಿಲ್ಲ. ಬಿ.ಎಡ್. ಪರೀಕ್ಷೆಯ ನಂತರ ನನಗೆ ಯಾರು ಅಂಕ ಕೊಟ್ಟಿದ್ದರು? ಸಾರಿಗೆ ಉಪ್ಪು ಕಡಿಮೆಯಾದರೆ ಹೇಳುತ್ತಾರೆ, ಸರಿಯಾಗಿದ್ದರೆ ಉಣ್ಣುತ್ತಾರೆ. ಅತ್ತೆಯವರನ್ನು ಒಂಬತ್ತು ವರ್ಷ ನೋಡಿಕೊಂಡದ್ದಕ್ಕೆ 'ಪಾಪ, ಒಳ್ಳೆಯ ಸೊಸೆ' ಎಂದರು. ಅದು ಹೊಗಳಿಕೆ, ಅಂಕವಲ್ಲ. ಅಂಕವೆಂದರೆ ಒಬ್ಬರು ಕಣ್ಣಿಟ್ಟು ನೋಡಿ, ಇದು ಇಷ್ಟು ಬಂತು, ಇಷ್ಟು ಬರಲಿಲ್ಲ ಎಂದು ಬರೆಯುವುದು. ಆ ನಾಲ್ಕು, ಏಳು, ಐದರಲ್ಲಿ ಕನಿಕರವಿರಲಿಲ್ಲ, ವಯಸ್ಸಿನ ರಿಯಾಯಿತಿ ಇರಲಿಲ್ಲ, 'ಹೆಂಗಸಾಗಿ ಇಷ್ಟು ಮಾಡಿದರಲ್ಲ' ಎಂಬ ಮಾತಿರಲಿಲ್ಲ. ಐದು ಎಂದರೆ ಐದು. ಅದು ಪೂರ್ತಿ ನನ್ನದು.

ಮಗಳು ಪುಣೆಯಿಂದ ಫೋನಿನಲ್ಲಿ, "ಆರನೇ ಸ್ಥಾನಕ್ಕೆ ಇಷ್ಟು ಖುಷಿನಾ ಅಮ್ಮ?" ಎಂದಳು. "ನೀನು ಒಂದನೇ ಕ್ಲಾಸಿನಲ್ಲಿ ಮೊದಲ ಸಲ ಮಾರ್ಕ್ಸ್ ಕಾರ್ಡ್ ತಂದಾಗ ಎಷ್ಟನೇ ಸ್ಥಾನ ಅಂತ ನೋಡಿದ್ಯಾ? ನಿನ್ನ ಹೆಸರು ಬರೆದಿದೆ ಅಂತ ಕುಣಿದಿದ್ದೆ" ಎಂದೆ.

ಸುದ್ದಿ ಶಾಲೆಗೂ ತಲುಪಿತು. ವಿಜ್ಞಾನದ ಮೇಷ್ಟ್ರು ವೃತ್ತೀಯ ಚಲನೆಯ ಪಾಠಕ್ಕೆ ನನ್ನನ್ನೇ ಕರೆಸಿದರು. ಕನ್ನಡದ ಟೀಚರು ಭೌತಶಾಸ್ತ್ರ ಹೇಳಿಕೊಟ್ಟದ್ದು ಹುಡುಗರಿಗೆ ಹಬ್ಬವಾಯಿತು. ಅದಾದ ಮೇಲೆ ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಮನೆಯಲ್ಲಿ ಕೇಳಿಕೊಂಡು ಭಾನುವಾರ ಮೈದಾನಕ್ಕೆ ಬರತೊಡಗಿದ್ದಾರೆ. ಇಬ್ಬರಿಗೂ ಮೊದಲ ದಿನದಿಂದಲೇ ಸರದಿ ಮಾಡಿದ್ದೇನೆ. ಒಬ್ಬಳು ಹಿಡಿದರೆ ಇನ್ನೊಬ್ಬಳು ಹಾರಿಸುವುದು, ಆಮೇಲೆ ಅದಲುಬದಲು. ಎರಡು ವರ್ಷ ಬರೀ ಹಿಡಿದುಕೊಳ್ಳುವ ಪದ್ಧತಿ ನನ್ನ ವೃತ್ತದಲ್ಲಿಲ್ಲ. ಅಪ್ಪನ ಪ್ರಶ್ನೆಯನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಅವರು ತಮಗೆ ತಾವು ಎರಡು ಕಡಿಮೆ ಹಾಕಿಕೊಂಡರೆ ನಾನು ಒಪ್ಪುವುದಿಲ್ಲ. ಮತ್ತೊಮ್ಮೆ ಯೋಚಿಸಿ ಹೇಳಿರೆಂದು ನಿಲ್ಲಿಸಿಕೊಳ್ಳುತ್ತೇನೆ.

ನಿಮ್ಮ ಅಟ್ಟದ ಮೇಲೂ ಏನಾದರೊಂದು ಇದ್ದೀತು. ವೀಣೆಯಿರಬಹುದು, ಥ್ರೋಬಾಲ್ ಇರಬಹುದು, ಹಳೆಯ ಚದುರಂಗದ ಮಣೆಯಿರಬಹುದು. ಇಳಿಸಿ ನೋಡಿ. ಕೈ ಮರೆತಿರುವುದಿಲ್ಲ. ತಲೆ ಸ್ವಲ್ಪ ಸುತ್ತೀತು. ಹುಲ್ಲಿದ್ದ ಕಡೆ ನೋಡಿ ಕೂತರಾಯಿತು. ನಾನಂತೂ ಈ ವರ್ಷ ಚೌಕದ ಮೂಲೆಗಳನ್ನು ತಿದ್ದುವುದರಲ್ಲಿದ್ದೇನೆ. ನಾಲ್ಕನ್ನು ಐದು ಮಾಡಬೇಕು.